ನ್ಯಾಸ

ಹಿಂದಿನ ಗೃಹಸ್ಥರು ಧಾನ್ಯಕ್ಕೆ ಕಣಜವನ್ನೂ ಗ್ರಂಥಗಳಿಗೆ ಅಟ್ಟವನ್ನೂ ಇಟ್ಟುಕೊಂಡಿದ್ದರು. ಈಗಿನ ಕೆಲವು ಮನೆಗಳಲ್ಲಿ ಮೂಲೆಯೊಂದರಲ್ಲಿ ಸಣ್ಣ ಪೆಟ್ಟಿಗೆಯೊಂದಿರುವುದುಂಟು. ಅದರೊಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕುಗಳು ಹಗಲಿರುಳೂ ತಿರುಗುತ್ತಿರುವುವು. ಮನೆಯವರು ತಮ್ಮ ತಮ್ಮ ಕೋಣೆಗಳಿಂದಲೇ ಅದರಲ್ಲಿರುವುದನ್ನು ತೆರೆದು ನೋಡಬಹುದು. ಇಂಗ್ಲಿಷಿನ ಮೂರು ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ನ್ಯಾಸ್' ಎಂದು ಕರೆಯುವರು. ಸಂಸ್ಕೃತದಲ್ಲಿ ನ್ಯಾಸವೆಂದರೆ ನಂಬಿ ಒಪ್ಪಿಸಿದ ಸೊತ್ತು. ಎರಡು ಭಾಷೆಗಳು ಆಕಸ್ಮಿಕವಾಗಿ ಒಂದೇ ಮಾತನ್ನಾಡಿದುದು ನನಗೆ ಬಹಳ ಸಂತೋಷವನ್ನುಂಟುಮಾಡಿತು.

ನಮ್ಮ ಪೆಟ್ಟಿಗೆಯಲ್ಲಿ ನಾಲ್ಕು ಟೆರಾಬೈಟಿನ ಎರಡು ಡಿಸ್ಕುಗಳು ಆರು ವರ್ಷಗಳಿಂದ ದುಡಿಯುತ್ತಿದ್ದುವು. ಒಂದರಲ್ಲಿ ಬರೆದುದೆಲ್ಲವೂ ಇನ್ನೊಂದರಲ್ಲಿಯೂ ಬರೆಯಲ್ಪಡುವ ಏರ್ಪಾಡು ಅದು. ಅಲ್ಲಿದ್ದುದರಲ್ಲಿ ಹೆಚ್ಚಿನದು ಕಳೆದರೂ ದುಃಖಪಡತಕ್ಕದ್ದಲ್ಲ. ಆದರೆ ನನ್ನ ತಾಯಿಯವರು ಹಸೆಗೆ ಕರೆಯುವಾಗಲೂ ಆರತಿಯೆತ್ತುವಾಗಲೂ ಹೇಳುತ್ತಿದ್ದ ನಲವತ್ತಕ್ಕೆ ಮೇಲ್ಪಟ್ಟ ಹಾಡುಗಳು ಅವರ ಧ್ವನಿಯಲ್ಲಿಯೇ ಅಲ್ಲಿವೆ. ಅವುಗಳಲ್ಲಿ ಹಲವಕ್ಕೆ ಬರಹದ ಪ್ರತಿಯಿಲ್ಲ, ಹಾಡಿದವರೂ ಈಗಿಲ್ಲ.

ಕಳೆದ ವರ್ಷ ಒಂದು ಡಿಸ್ಕಿನಲ್ಲಿ ಕೆಟ್ಟ ಭಾಗಗಳಿಗೆ ಬದಲಾಗಿ ಮೀಸಲು ಭಾಗಗಳನ್ನು ಬಳಸಿಕೊಂಡ ಲೆಕ್ಕವು ತಿಂಗಳು ತಿಂಗಳಿಗೆ ಏರತೊಡಗಿತು. ಅದನ್ನು ಬದಲಾಯಿಸಬೇಕೆಂಬುದರಲ್ಲಿ ಸಂದೇಹವಿರಲಿಲ್ಲ. ಸಂದೇಹವಿದ್ದುದು ಅದರ ಜೊತೆಗಾರನ ವಿಷಯದಲ್ಲಿ. ಅದು ಯಾವ ರೋಗಲಕ್ಷಣವನ್ನೂ ತೋರಿಸುತ್ತಿರಲಿಲ್ಲ. ಆದರೆ ಗೂಗಲ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅವರಲ್ಲಿ ಕೆಟ್ಟುಹೋದ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಲಕ್ಷಣಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಮೌನವನ್ನು ಆರೋಗ್ಯವೆಂದು ನಂಬುವಂತಿಲ್ಲ. ಆದುದರಿಂದ ಎರಡನ್ನೂ ಬದಲಾಯಿಸುವುದೆಂದು ನಿಶ್ಚಯಿಸಿದೆನು.

ಆಯ್ಕೆಯಲ್ಲಿ ಮೊದಲು ವಿಚಾರಿಸಬೇಕಾದುದು ಬರೆಯುವ ಕ್ರಮವನ್ನು. ಕೆಲವು ಡಿಸ್ಕುಗಳಲ್ಲಿ ಬರಹದ ಸಾಲುಗಳು ಒಂದರ ಪಕ್ಕಕ್ಕೊಂದು ಬಿಡಿಯಾಗಿರುತ್ತವೆ. ಇನ್ನು ಕೆಲವದರಲ್ಲಿ ನಮ್ಮ ಮಾಡಿನ ಹಂಚುಗಳಂತೆ ಒಂದರ ಅಂಚಿನ ಮೇಲೊಂದು ಹೊದ್ದಿರುತ್ತವೆ. ಇದರಿಂದ ಸ್ಥಳವು ಉಳಿಯುವುದು ನಿಜ. ಆದರೆ ಕೆಳಗಿನ ಹಂಚೊಂದನ್ನು ಬದಲಿಸಬೇಕಾದರೆ ಮೇಲಿನವನ್ನೆಲ್ಲಾ ಎತ್ತಬೇಕಲ್ಲವೆ? ಹಾಗೆಯೇ ಇಲ್ಲಿಯೂ ನೆರೆಯ ಸಾಲುಗಳನ್ನು ಮರಳಿ ಬರೆಯಬೇಕಾಗುವುದು. ಹೊಸ ಡಿಸ್ಕಿಗೆ ಎಲ್ಲವನ್ನೂ ತುಂಬುವ ಕಾಲದಲ್ಲಿ ಇದು ಬಹಳ ನಿಧಾನಕ್ಕೆ ಕಾರಣವಾಗುತ್ತದೆ. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯವರು ನ್ಯಾಸಿಗೆಂದೇ ಮಾರುತ್ತಿದ್ದ 'ರೆಡ್' ಡಿಸ್ಕುಗಳಲ್ಲಿ ಕೆಲವು ಈ ಹಂಚಿನ ಬಗೆಯವೆಂಬುದು 2020ರಲ್ಲಿ ಹೊರಬಿದ್ದಿತು. ಅನಂತರ ಅವರು ಯಾವುದು ಯಾವ ಬಗೆಯದೆಂದು ಪ್ರಕಟಿಸಿ, ಬಿಡಿಸಾಲಿನವನ್ನು 'ರೆಡ್ ಪ್ಲಸ್' ಎಂದು ಬೇರೆ ಮಾಡಿದರು. ಹೆಸರನ್ನು ನೋಡಿದರೆ ಸಾಲದು, ವಿವರಪತ್ರವನ್ನೂ ಓದಬೇಕು.

ಎರಡನೆಯದು ಸ್ವಭಾವ. ಮೇಜಿನ ಗಣಕಕ್ಕಾಗಿ ಮಾಡಿದ ಡಿಸ್ಕು ಓದಲಾಗದ ಭಾಗವೊಂದು ಎದುರಾದರೆ ಬಹಳ ಹೊತ್ತು ಹಟ ಹಿಡಿದು ಯತ್ನಿಸುವುದು. ಅಷ್ಟರಲ್ಲಿ ಪೆಟ್ಟಿಗೆಯು ಅದನ್ನು ಸತ್ತುದೆಂದು ಭಾವಿಸಿ ಹೊರಗೆ ಹಾಕಬಹುದು. ನ್ಯಾಸಿನ ಡಿಸ್ಕಾದರೋ ಸುಮಾರು ಏಳು ಸೆಕೆಂಡು ಯತ್ನಿಸಿ ತನ್ನಿಂದಾಗದೆಂದು ಹೇಳಿಬಿಡುವುದು. ಜೊತೆಗಾರನು ಆ ಭಾಗವನ್ನು ಒದಗಿಸುವನು. ಕೂಡಿ ಬಾಳುವ ಕಡೆ ಇಂತಹ ವಿನಯವೇ ಮೇಲು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವನು, "ಎರಡೂ ಒಂದೇ ಕಂಪೆನಿಯದು ತಗೊಳ್ಳಿ ಸಾರ್, ಜೋಡಿ ಚೆನ್ನಾಗಿರುತ್ತೆ" ಎಂದನು. ಜೋಡಿಯ ಅಂದವನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ಒಂದೇ ದಿನ ಒಂದೇ ಕಾರ್ಖಾನೆಯಿಂದ ಹೊರಟವುಗಳಲ್ಲಿ ದೋಷವಿದ್ದರೆ ಅದೂ ಜೋಡಿಯಾಗಿಯೇ ಬರಬಹುದು. ಆದುದರಿಂದ ಒಂದೊಂದನ್ನು ಒಬ್ಬೊಬ್ಬ ತಯಾರಕರದನ್ನು ಕೊಂಡೆನು. ಎರಡೂ ಎಂಟು ಟೆರಾಬೈಟಿನವು. ಹಳೆಯದಕ್ಕಿಂತ ಚಿಕ್ಕದನ್ನು ಪೆಟ್ಟಿಗೆಯು ಒಪ್ಪದು, ದೊಡ್ಡದಕ್ಕೆ ಅಡ್ಡಿಯಿಲ್ಲ.

ಬದಲಾಯಿಸುವ ಹೊತ್ತೇ ಹೆಚ್ಚಿನ ಅಪಾಯದ ಹೊತ್ತು. ಸೆಕೆಂಡಿಗೆ 150 ಮೆಗಾಬೈಟಿನಂತೆ ಹಿಡಿದರೂ ನಾಲ್ಕು ಟೆರಾಬೈಟುಗಳನ್ನು ಓದಲು ಏಳು ಗಂಟೆಗೆ ಮೀರುತ್ತದೆ. ಆ ಕಾಲವೆಲ್ಲಾ ಎಲ್ಲದರ ಭಾರವೂ ಉಳಿದ ಒಂದೇ ಮುದಿ ಡಿಸ್ಕಿನ ಮೇಲೆ. ಆ ಕಾರಣದಿಂದ, ಪೆಟ್ಟಿಗೆಯನ್ನು ಮುಟ್ಟುವುದಕ್ಕೆ ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಪ್ರತಿ ಮಾಡಿದೆನು. ಬಳಿಕ ರೋಗಿಯನ್ನು ತೆಗೆದು ಹೊಸದನ್ನಿಟ್ಟೆನು. ಒಂದು ವಾರ ಕಳೆದ ಮೇಲೆ ಇನ್ನೊಂದನ್ನು.

ಓಲೆಗರಿಗೂ ಹುಳು ಹತ್ತುತ್ತಿತ್ತು. ಅದು ಶಿಥಿಲವಾಗುವ ಮುನ್ನ ಹೊಸ ಗರಿಯ ಮೇಲೆ ಪ್ರತಿ ಮಾಡಿ, ಬೇರೆ ಬೇರೆ ಮನೆಗಳಲ್ಲಿಯೂ ಮಠಗಳಲ್ಲಿಯೂ ಇಟ್ಟವರಿದ್ದುದರಿಂದಲೇ ನಮ್ಮ ಕಾವ್ಯಗಳು ನಮ್ಮವರೆಗೆ ಬಂದುವು. ಜೋಡಿ ಡಿಸ್ಕುಗಳು ಒಂದರ ಸಾವನ್ನು ತಡೆದುಕೊಳ್ಳಬಲ್ಲವು. ಬೆಂಕಿಯನ್ನೂ ಕಳ್ಳನನ್ನೂ ತಡೆಯಲಾರವು. ನಾವೇ ಅಳಿಸಿದುದನ್ನು ಎರಡೂ ಒಟ್ಟಿಗೆ ಅಳಿಸುವುವು. ಹೀಗಾಗಿ ಆ ಮೂರನೆಯ ಪ್ರತಿಯನ್ನು ಶಿವಮೊಗ್ಗೆಯಲ್ಲಿರುವ ನನ್ನ ತಂಗಿಯ ಮನೆಗೆ ಕಳುಹಿಸಿರುವೆನು. ಅವಳ ಮಗಳು ಅದನ್ನು ಕೇಳಿ ಕೇಳಿ ಅಜ್ಜಿಯ ಮೂರು ಹಾಡುಗಳನ್ನು ಕಲಿತಿರುವಳೆಂದು ಕಾಗದ ಬಂದಿದೆ. ನ್ಯಾಸವು ಸೇರಬೇಕಾದವರನ್ನು ಸೇರತೊಡಗಿತೆಂದು ನನಗೆ ಸಮಾಧಾನವಾಗಿದೆ.