ಕೋಳಿ ಕೆಡಿಸಿದ ಪ್ರಯೋಗ

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಮನೆ ಹೆದ್ದಾರಿಯ ಪಕ್ಕದಲ್ಲಿತ್ತು. ತಂಗಿಗೆ ಉಬ್ಬಸ. ಚಳಿಗಾಲದ ಬೆಳಗ್ಗೆ ಅವಳ ಎದೆ ಸುಂಯ್ ಸುಂಯ್ ಎನ್ನುತ್ತಿತ್ತು. "ಎಲ್ಲಾ ಲಾರಿ ಹೊಗೆಯ ಕಾಟ" ಎನ್ನುತ್ತಿದ್ದರು ಅಜ್ಜಿ. "ಗಾಳಿ ಶುಭ್ರವಾಗಿಯೇ ಕಾಣುತ್ತದಲ್ಲ!" ಎಂದು ಅಪ್ಪ. ಅಳೆದೇ ನೋಡೋಣ ಎಂದುಕೊಂಡೆ.

ಎರಡು ಬಿಳಿ ರಟ್ಟುಗಳಿಗೆ ವ್ಯಾಸಲೀನ್ ಸವರಿ, ಒಂದನ್ನು ರಸ್ತೆಯ ಕಡೆಯ ಕಿಟಕಿಗೂ ಇನ್ನೊಂದನ್ನು ಹಿತ್ತಲಿನ ನುಗ್ಗೆಮರಕ್ಕೂ ಕಟ್ಟಿದೆ. ಮೂರು ದಿನ ಬಿಟ್ಟು ನೋಡಿದರೆ ಹಿತ್ತಲಿನ ರಟ್ಟೇ ಹೆಚ್ಚು ಕೊಳೆಯಾಗಿತ್ತು! ಅಪ್ಪ ನಕ್ಕರು. ಭೂತಗನ್ನಡಿ ಹಿಡಿದಾಗ ಗುಟ್ಟು ರಟ್ಟಾಯಿತು. ಅದು ಕೋಳಿಗಳು ಕೆದರಿದ ಕೆಂಪು ಮಣ್ಣು. ನನ್ನ ರಟ್ಟು ಹಿಡಿದದ್ದು ತಾನಾಗಿ ಬೀಳುವ ದಪ್ಪ ಧೂಳನ್ನು ಮಾತ್ರ. ಹೊಗೆಯಲ್ಲಿನ ಇಂಗಾಲದ ಕಣಗಳು ಹಾಗೆ ಬೀಳುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಒಂದು ಮೈಕ್ರೋಮೀಟರಿಗಿಂತಲೂ ಚಿಕ್ಕವು. ದಿನಗಟ್ಟಲೆ ತೇಲುತ್ತವೆ, ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಅವುಗಳನ್ನು ಹಿಡಿಯುವ ಉಪಕರಣವನ್ನು ನಾನು ಕಂಡದ್ದು ಎಷ್ಟೋ ವರ್ಷಗಳ ನಂತರ, ಒಂದು ಪ್ರಯೋಗಾಲಯದಲ್ಲಿ. ಅದರ ಹೆಸರು ಈಥಲೋಮೀಟರ್. ಮಸಿ ಹಿಡಿಸು ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರು. ಒಂದು ಪಂಪು ಗಾಳಿಯನ್ನು ಬಿಳಿ ಸೋಸು ಪಟ್ಟಿಯ ಮೂಲಕ ಎಳೆಯುತ್ತದೆ. ಪಟ್ಟಿಯ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ. ಅದರ ಮೂಲಕ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಾಯಿಸುತ್ತಾರೆ. ಮಸಿ ಹೆಚ್ಚಿದಷ್ಟೂ ದಾಟುವ ಬೆಳಕು ಕಡಿಮೆ. ಮಣ್ಣಿನ ಧೂಳು ಈ ಬೆಳಕನ್ನು ಹೀರುವುದು ಬಹಳ ಕಡಿಮೆ. ಕೋಳಿಗಳ ಆಟ ಇಲ್ಲಿ ನಡೆಯದು! ಚುಕ್ಕೆ ತೀರಾ ಕಪ್ಪಾದರೆ ಪಟ್ಟಿ ತಾನೇ ಮುಂದೆ ಸರಿಯುತ್ತದೆ.

ಈಗ ಲೆಕ್ಕ. ಪಂಪು ನಿಮಿಷಕ್ಕೆ 5 ಲೀಟರ್ ಗಾಳಿ ಎಳೆದರೆ, ಒಂದು ಘನ ಮೀಟರ್, ಅಂದರೆ 1000 ಲೀಟರ್, ಗಾಳಿ ಹಾಯಲು 200 ನಿಮಿಷ ಬೇಕು. ಅಷ್ಟರಲ್ಲಿ 4 ಮೈಕ್ರೋಗ್ರಾಂ ಮಸಿ ಸೇರಿದರೆ, ಘನ ಮೀಟರಿಗೆ 4 ಮೈಕ್ರೋಗ್ರಾಂ. ಒಂದು ಗ್ರಾಂ ಸಕ್ಕರೆಯನ್ನು 10 ಲಕ್ಷ ಪಾಲು ಮಾಡಿ ನಾಲ್ಕನ್ನು ತೆಗೆದುಕೊಂಡಂತೆ!

ನನ್ನ ಕಣ್ಣು ನೆಟ್ಟದ್ದು ಗೋಡೆಯ ಮೇಲಿದ್ದ ನಕ್ಷೆಯಲ್ಲಿ. ಬೆಳಗ್ಗೆ ಗೆರೆ ಮೇಲೇರಿತ್ತು, ಮಧ್ಯಾಹ್ನ ಇಳಿದಿತ್ತು, ರಾತ್ರಿ ಮತ್ತೆ ಏರಿತ್ತು. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುತ್ತದೆ, ಮಸಿಯೂ ಎತ್ತರಕ್ಕೆ ಹರಡುತ್ತದೆ. ರಾತ್ರಿಯ ತಂಪಿನಲ್ಲಿ ನೆಲದ ಬಳಿಯ ಗಾಳಿ ಮುಚ್ಚಳ ಹಾಕಿದಂತೆ ಅಲ್ಲೇ ಉಳಿಯುತ್ತದೆ. ಮುಂಜಾನೆ ವಾಹನಗಳ ಹೊಗೆ ಅದಕ್ಕೇ ಸೇರುತ್ತದೆ.

ತಂಗಿಯ ಉಬ್ಬಸವೂ ಬೆಳಗಿನದೇ ಅಲ್ಲವೇ? ಚಳಿಯೂ ಕಾರಣವಿದ್ದೀತು. ಒಂದು ನಕ್ಷೆ ನೋಡಿ ತೀರ್ಪು ಕೊಡಲಾಗದು. ಆದರೂ ಆ ಸಂಜೆಯೇ ಅವಳಿಗೆ ಫೋನ್ ಮಾಡಿದೆ. ಈಗಲೂ ಅದೇ ಮನೆಯಲ್ಲಿರುವ ಅವಳು, ಹೆದ್ದಾರಿಯ ಬದಿಯ ತನ್ನ ಮುಂಜಾನೆಯ ನಡಿಗೆಯನ್ನು ಸಂಜೆ ನಾಲ್ಕಕ್ಕೆ ಬದಲಾಯಿಸಿಕೊಂಡಳು. "ಬಿಸಿಲು ಜಾಸ್ತಿ" ಎಂದು ಇಂದಿಗೂ ನನ್ನನ್ನು ಬೈಯುತ್ತಾಳೆ.