ಯಾವ ಹಾಲಿನ ಹದ?

ಮಾಸ್ಕಿಂಗ್ ಟೇಪು ಸುಲಿದಾಗ ಕೆಂಪು ಬಿಳಿಯೊಳಗೆ ಒಂದಿಷ್ಟೂ ನುಸುಳದೆ ನಿಂತಿದ್ದರೆ ಆ ದಿನಕ್ಕೆ ಬೇರೆ ಸಂತೋಷ ಬೇಡ. ನಿನ್ನೆ ವಾಯುಪಡೆಯ ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡದ ಹಾಕ್ ವಿಮಾನದ ನನ್ನ ಮಾದರಿಯ ಮೈಮೇಲೆ ಗೆರೆ ಹಾಗೆ ನಿಂತಿತು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ, ಬೀದರಿನಿಂದ ಹಾರುವ ವಿಮಾನ. 1:72ರ ಮಾದರಿಯಲ್ಲಿ ಒಂದು ಗೇಣೂ ಇಲ್ಲ. ಈ ಅಳತೆಯಲ್ಲಿ ಟೇಪಿನ ಅಂಚಿಗೆ 0.1 ಮಿ.ಮೀ. ಬಣ್ಣ ದಪ್ಪಗಟ್ಟಿದರೆ, ನಿಜವಾದ ವಿಮಾನದ ಮೇಲೆ 7 ಮಿ.ಮೀ. ಎತ್ತರದ ಏರಿ ಎದ್ದಂತೆ. ಅದಕ್ಕೇ ಬಣ್ಣ ತೆಳುವಾಗಿರಬೇಕು.

ಎಷ್ಟು ತೆಳು? ಯಾರನ್ನು ಕೇಳಿದರೂ ಒಂದೇ ಉತ್ತರ: ‘ಹಾಲಿನ ಹದಕ್ಕೆ ಕಲಸಿ.’ ಯಾವ ಹಾಲು ಸ್ವಾಮಿ? ನಂದಿನಿಯ ನೀಲಿ ಪ್ಯಾಕೆಟ್ಟಿನದೋ, ಕೆನೆಗಟ್ಟುವ ಎಮ್ಮೆಯದೋ, ನೀರು ಬೆರೆಸಿದ್ದೋ? ಟಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣ ತೆಳು ಮಾಡಲು ಐಸೊಪ್ರೊಪೈಲ್ ಆಲ್ಕೋಹಾಲ್ ಚೆನ್ನಾಗಿ ಹೊಂದುತ್ತದೆ. ಅದನ್ನೇ ವಯೇಹೋ ಬಣ್ಣಕ್ಕೆ ಸುರಿದರೆ ಗಂಟುಗಂಟಾಗಿ ಏರ್‌ಬ್ರಷ್ಷಿನ ಬಾಯಿ ಕಟ್ಟುತ್ತದೆ. ‘ಅಕ್ರಿಲಿಕ್ ತಾನೇ, ನಲ್ಲಿ ನೀರು ಸಾಕು’ ಎನ್ನುವವರೂ ಇದ್ದಾರೆ. ಬರಿಯ ನೀರು ಪ್ಲಾಸ್ಟಿಕ್ಕಿನ ಮೇಲೆ ಹನಿಹನಿಯಾಗಿ ನಿಲ್ಲುವುದನ್ನು ಇವರು ನೋಡಿಯೇ ಇಲ್ಲವೇ? ಏಪ್ರಿಲ್ಲಿನ ಒಣ ಸೆಕೆಯಲ್ಲಿ ಬಣ್ಣ ಸೂಜಿಯ ತುದಿಯಲ್ಲೇ ಒಣಗುತ್ತದೆ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಎರಡು ಹನಿ ಬೇಕು. ಜುಲೈನ ಜಿಟಿಜಿಟಿ ಮಳೆಯಲ್ಲಿ ಬಳಿದ ಬಣ್ಣ ಒಣಗುವುದೇ ಇಲ್ಲ. ಇಷ್ಟಕ್ಕೂ ಒಂದೇ ಹಾಲು! ಹೊಸದಾಗಿ ಕೈಹಾಕಿದ ಹುಡುಗರು ಈ ಮಾತು ನಂಬಿ, ಮೊದಲ ಮಾದರಿಯನ್ನೇ ಹಾಳು ಮಾಡಿಕೊಂಡು, ಹವ್ಯಾಸವನ್ನೇ ಬಿಟ್ಟುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೆ.

ಹದ ನೋಡುವುದು ಬಟ್ಟಲಿನಲ್ಲಿ. ಕಲಸಿದ ಬಣ್ಣವನ್ನು ಕುಂಚದಿಂದ ಬಟ್ಟಲಿನ ಗೋಡೆಗೆ ಎಳೆಯಿರಿ. ಕೆಳಗಿಳಿಯುತ್ತಾ ಹಿಂದೆ ತೆಳ್ಳನೆಯ ಪೊರೆ ಉಳಿಸಬೇಕು. ಆಮೇಲೆ 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಹಳೆಯ ಪ್ಲಾಸ್ಟಿಕ್ ಚೂರಿನ ಮೇಲೆ ಒಂದು ಚುಕ್ಕೆ ಸಿಂಪಡಿಸಿ. ಚುಕ್ಕೆಯಿಂದ ಜೇಡನ ಕಾಲುಗಳು ಹೊರಟರೆ ಬಣ್ಣ ನೀರಾಯಿತು, ಇಲ್ಲವೇ ಒತ್ತಡ ಹೆಚ್ಚಾಯಿತು. ಮುಟ್ಟಿದರೆ ಮರಳುಮರಳಾಗಿದ್ದರೆ ಬಣ್ಣ ಗಾಳಿಯಲ್ಲೇ ಒಣಗುತ್ತಿದೆ. ತೆಳು ಮಾಡಿ, ಇಲ್ಲವೇ ಹತ್ತಿರ ಹಿಡಿಯಿರಿ.

ಇನ್ನು ಆ ಗೆರೆ. ಕೆಂಪು ಬಣ್ಣಕ್ಕೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ, ಬೂದು ಪ್ರೈಮರಿನ ಮೇಲೆ ಮಂಕಾಗುತ್ತದೆ. ಹಾಗಾಗಿ ಮೊದಲು ಬಿಳಿ. ಅದು ಚೆನ್ನಾಗಿ ಒಣಗಿದ ಮೇಲೆ ಟೇಪು. ಅಂಚನ್ನು ಉಗುರಿನಿಂದ ಒತ್ತಿ. ನನ್ನ ಮೆಚ್ಚಿನ ಉಪಾಯ ಇಲ್ಲಿದೆ: ಕೆಂಪಿಗೆ ಮುಂಚೆ ಟೇಪಿನ ಅಂಚಿಗೆ ಮತ್ತೆ ಅದೇ ಬಿಳಿಯನ್ನು ತೆಳ್ಳಗೆ ಸಿಂಪಡಿಸಬೇಕು. ಸಂದಿಯಲ್ಲಿ ನುಸುಳುವುದಿದ್ದರೆ ಬಿಳಿಯೇ ನುಸುಳಿ ದಾರಿ ಮುಚ್ಚುತ್ತದೆ. ಆಮೇಲೆ ಕೆಂಪು, ತೆಳು ಪದರಗಳಲ್ಲಿ, ಟೇಪಿನ ಕಡೆಯಿಂದ ಹೊರಕ್ಕೆ. ಕೈಗೆ ಅಂಟದಷ್ಟು ಒಣಗಿದ ಕೂಡಲೇ ಟೇಪನ್ನು ಹಿಂದಕ್ಕೆ ಮಡಚಿ ಮೆಲ್ಲಗೆ ಎಳೆಯಬೇಕು. ಬೆಳಗಿನ ತನಕ ಬಿಟ್ಟರೆ ಅಂಚು ಸಿಗಿಯುತ್ತದೆ.

ಬಲ್ಲವರಲ್ಲಿ ನನ್ನದೊಂದು ವಿನಂತಿ. ಯಾರಾದರೂ ಅನುಪಾತ ಕೇಳಿದರೆ ಹಾಲಿನ ಮಾತು ಎತ್ತಬೇಡಿ. ಯಾವ ಕಂಪನಿಯ ಬಣ್ಣ, ಎಷ್ಟು ಒತ್ತಡ, ನಿಮ್ಮೂರಲ್ಲಿ ಇವತ್ತು ಮಳೆಯೋ ಬಿಸಿಲೋ ಎಂದು ಮೊದಲು ವಿಚಾರಿಸಿ.