ಪ್ರಯೋಗಶಾಲೆಯ ಪಡಿಪಾಟಲು

ಪ್ರಯೋಗಶಾಲೆ ಎಂದೊಡನೆ ಜನರ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಬಿಳಿ ಕೋಟು ತೊಟ್ಟ ಗಂಭೀರ ವ್ಯಕ್ತಿ, ಕೈಯಲ್ಲೊಂದು ಪ್ರನಾಳ, ಅದರೊಳಗೆ ನೀಲಿಯದೋ ಹಸಿರಿನದೋ ಒಂದು ದ್ರವ, ಮೇಲೆ ಸುರುಳಿ ಸುರುಳಿಯಾಗಿ ಏಳುವ ಹೊಗೆ. ಸಿನಿಮಾದವರೂ ಕಾರ್ಟೂನು ಬರೆಯುವವರೂ ಸೇರಿ ಕೊಟ್ಟ ಕಾಣಿಕೆ ಇದು. ಎಂ.ಎಸ್ಸಿ. ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಸಂದರ್ಶನ ದಾಟಿ ಪಿಎಚ್.ಡಿ.ಗೆ ಸೇರುವ ತರುಣನೂ ಈ ಚಿತ್ರವನ್ನು ಹೊತ್ತುಕೊಂಡೇ ಒಳಗೆ ಕಾಲಿಡುತ್ತಾನೆ. ಮೊದಲ ದಿನ ಅವನ ಕೈಗೆ ಸಿಗುವುದು ಮಾತ್ರ ಪ್ರನಾಳ ತೊಳೆಯುವ ಬ್ರಷ್ಷು.

ಮನೆಯಲ್ಲಿ ಉಂಡ ತಟ್ಟೆಯನ್ನೂ ಎತ್ತಿಡದವನು ಇಲ್ಲಿ ಬೀಕರು, ಫ್ಲಾಸ್ಕುಗಳನ್ನು ಮೊದಲು ಸೋಪಿನಿಂದ, ಆಮೇಲೆ ನಲ್ಲಿ ನೀರಿನಿಂದ, ಆಮೇಲೆ ಭಟ್ಟಿ ಇಳಿಸಿದ ನೀರಿನಿಂದ ತೊಳೆದು, ಒಲೆಯಲ್ಲಿಟ್ಟು ಒಣಗಿಸಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಒಂದು ಕಲೆ ಉಳಿದಿದ್ದರೆ ಮತ್ತೆ ಮೊದಲಿನಿಂದ! ಅವನ ತಾಯಿ ಇದನ್ನು ಕಂಡರೆ ಆನಂದಬಾಷ್ಪ ಸುರಿಸುತ್ತಾರೋ, ಇಷ್ಟು ದಿನ ಮನೆಯಲ್ಲಿ ಏಕೆ ಮಾಡಲಿಲ್ಲ ಎಂದು ಜಗಳಕ್ಕೆ ನಿಲ್ಲುತ್ತಾರೋ ಹೇಳುವುದು ಕಷ್ಟ.

ತೊಳೆಯುವ ವಿದ್ಯೆ ಕೈಗೆ ಹತ್ತಿದ ಮೇಲೆ ಅಸಲು ಪಡಿಪಾಟಲು ಶುರು. ಇಪ್ಪತ್ತನಾಲ್ಕು ಪುಟ್ಟ ನಳಿಕೆಗಳಲ್ಲಿ ಇಪ್ಪತ್ತನಾಲ್ಕು ಮಾದರಿಗಳನ್ನು ತುಂಬಿ, ಒಂದೊಂದರ ಮೇಲೂ ಮಾರ್ಕರ್ ಪೆನ್ನಿನಿಂದ ಮುತ್ತಿನಂಥ ಅಕ್ಷರದಲ್ಲಿ ಗುರುತು ಬರೆದಿಡುತ್ತಾನೆ. ಪೆನ್ನು ಮಾರುವವನು ಇದು ಅಳಿಸಲಾಗದ ಶಾಯಿ ಎಂದು ಭರವಸೆ ಕೊಟ್ಟಿರುತ್ತಾನೆ. ನೀರಿಗೆ ಅದು ಅಳಿಯುವುದಿಲ್ಲ, ನಿಜ. ಆದರೆ ಅಸಿಟೋನು ಚೆಲ್ಲಿತೋ, ಸ್ಪಿರಿಟ್ಟಿನಲ್ಲಿ ಒರೆಸಿದನೋ, ಇಪ್ಪತ್ತನಾಲ್ಕೂ ಅವಳಿ ಜವಳಿಗಳಾಗಿ ಅವನ ಮುಖ ನೋಡುತ್ತ ನಿಲ್ಲುತ್ತವೆ. ಮೂರು ದಿನದ ಕೆಲಸ ಮೂರು ಸೆಕೆಂಡಿನಲ್ಲಿ ಅನಾಮಧೇಯ.

ಡಿಎನ್‌ಎ ಪರೀಕ್ಷಿಸುವ ಹುಡುಗಿಯ ಕಷ್ಟ ಇನ್ನೊಂದು ಬಗೆಯದು. ಡಿಎನ್‌ಎ ಋಣ ವಿದ್ಯುದಾವೇಶ ಉಳ್ಳದ್ದು. ಆದ್ದರಿಂದ ವಿದ್ಯುತ್ ಹರಿಸಿದಾಗ ಅದು ಧನಾಗ್ರದ ಕಡೆಗೆ ಸರಿಯುತ್ತದೆ. ಅಗರ್‌ನಿಂದ ತೆಗೆದ ಅಗರೋಸ್ ಎಂಬ ಪದಾರ್ಥದ ಜೆಲ್ ಹಲಗೆಯ ಒಂದು ತುದಿಯ ಗುಳಿಗಳಲ್ಲಿ ಅದನ್ನು ತುಂಬಿ, ಕೆಂಪು ಕಪ್ಪು ತಂತಿಗಳನ್ನು ಸಿಕ್ಕಿಸಿ ಬಿಟ್ಟರೆ ತುಣುಕುಗಳು ಗಾತ್ರಕ್ಕೆ ತಕ್ಕಂತೆ ಓಟದ ಸ್ಪರ್ಧೆ ನಡೆಸುತ್ತವೆ. ಚಿಕ್ಕವು ಮುಂದೆ, ದೊಡ್ಡವು ಹಿಂದೆ. ಆದರೆ ತಂತಿಗಳು ಅದಲು ಬದಲಾದರೆ? ಓಟಗಾರರೆಲ್ಲ ಹಿಂದಕ್ಕೆ ತಿರುಗಿ, ಮೈದಾನದ ಬೇಲಿ ದಾಟಿ, ಸುತ್ತಲಿನ ದ್ರಾವಣದಲ್ಲಿ ಮಾಯ! ಕಾಫಿ ಕುಡಿದು ಬಂದು ನೇರಳಾತೀತ ಬೆಳಕಿನಲ್ಲಿ ನೋಡಿದರೆ ಜೆಲ್ ಖಾಲಿ. ಹೊಸದಾಗಿ ಸೇರಿದವರಲ್ಲಿ ಒಮ್ಮೆಯಾದರೂ ಹೀಗೆ ಮಾಡದವರು ಅಪರೂಪ.

ಇನ್ನು ಹೊತ್ತು ಗೊತ್ತಿನ ಮಾತು. ಅನುಕೂಲಕರ ಪರಿಸ್ಥಿತಿಯಲ್ಲಿ ಇ. ಕೊಲೈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಅದಕ್ಕೆ ಭಾನುವಾರವೂ ಗೊತ್ತಿಲ್ಲ, ಯುಗಾದಿಯೂ ಗೊತ್ತಿಲ್ಲ. ಅದು ಬೆಳೆದು ಹದಕ್ಕೆ ಬರುವ ಹೊತ್ತು ರಾತ್ರಿ ಎರಡು ಗಂಟೆಯಾದರೆ ಸಂಶೋಧಕನೂ ರಾತ್ರಿ ಎರಡಕ್ಕೆ ಅಲ್ಲಿರಬೇಕು. ಕೂಸಿಗೆ ಎಚ್ಚರವಾದಾಗಲೇ ತಾಯಿಗೂ ಬೆಳಗು.

ಇಷ್ಟೆಲ್ಲ ಪಾಡು ಪಟ್ಟು ಊರಿಗೆ ಬಂದರೆ ಮದುವೆ ಮನೆಯಲ್ಲಿ ದೊಡ್ಡಪ್ಪ ಹಿಡಿದು ನಿಲ್ಲಿಸುತ್ತಾರೆ. “ಏನಪ್ಪಾ, ಇನ್ನೂ ಓದ್ತಾನೇ ಇದ್ದೀಯಾ? ನಿನ್ನ ಜೊತೆಯೋರೆಲ್ಲ ಸೈಟು ತಗೊಂಡು ಮನೆ ಕಟ್ಟಿದ್ರು.” ಪಕ್ಕದಲ್ಲಿದ್ದ ಅತ್ತೆ, “ಡಾಕ್ಟರಾಗ್ತಾನಂತಲ್ಲ, ನನ್ನ ಮಂಡಿ ನೋವಿಗೆ ಏನಾದ್ರೂ ಹೇಳೋ” ಎನ್ನುತ್ತಾರೆ. ತಾನು ಆ ಡಾಕ್ಟರಲ್ಲ, ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವವನು ಎಂದು ಅವನು ವಿವರಿಸಿದರೆ, “ಹಾಗಾದ್ರೆ ನಮ್ಮನೆ ಇಡ್ಲಿ ಹಿಟ್ಟು ಯಾಕೆ ಹುದುಗ್ತಾ ಇಲ್ಲ ಹೇಳು” ಎಂಬ ಮರುಪ್ರಶ್ನೆ. ಇದಕ್ಕೆ ಅವನಲ್ಲಿ ಉತ್ತರವಿದೆ. ಉದ್ದು ಅಕ್ಕಿಯ ಜೊತೆ ಬಂದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳೇ ಹಿಟ್ಟನ್ನು ಉಬ್ಬಿಸುವುದು, ಚಳಿಗೆ ಅವು ಮಂದವಾಗುತ್ತವೆ, ಪಾತ್ರೆಯನ್ನು ಬೆಚ್ಚಗಿಡಬೇಕು. ಆದರೆ ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಊಟದ ಪಂಕ್ತಿಯಲ್ಲಿ ಕುಳಿತಾಗಿರುತ್ತದೆ.

ಹೆಸರಾಂತ ವೀಕ್ಷಣಾಲಯಗಳೂ ಇಂಥ ಫಜೀತಿಗೆ ಹೊರತಲ್ಲ. ಆಸ್ಟ್ರೇಲಿಯದ ಪಾರ್ಕ್ಸ್ ಎಂಬಲ್ಲಿ 64 ಮೀಟರ್ ವ್ಯಾಸದ ಭಾರಿ ರೇಡಿಯೋ ದೂರದರ್ಶಕವಿದೆ. ಅದರಲ್ಲಿ ಆಗೊಮ್ಮೆ ಈಗೊಮ್ಮೆ ವಿಚಿತ್ರವಾದ ರೇಡಿಯೋ ಮಿಡಿತಗಳು ದಾಖಲಾಗುತ್ತಿದ್ದವು. 1998ರ ದಾಖಲೆಗಳಲ್ಲೂ ಅವು ಸಿಕ್ಕಿದ್ದವು. ವಿಜ್ಞಾನಿಗಳು ಅವಕ್ಕೆ ‘ಪೆರಿಟಾನ್’ ಎಂದು ಕಾಲ್ಪನಿಕ ಪ್ರಾಣಿಯೊಂದರ ಹೆಸರಿಟ್ಟು ತಲೆ ಕೆರೆದುಕೊಂಡರು. 2015ರಲ್ಲಿ ಎಮಿಲಿ ಪೆಟ್ರಾಫ್ ಎಂಬ ಪಿಎಚ್.ಡಿ. ವಿದ್ಯಾರ್ಥಿನಿ ಮತ್ತು ಅವರ ಸಂಗಡಿಗರು ಬೆನ್ನು ಹತ್ತಿ ಹೋದಾಗ ಕಳ್ಳ ಸಿಕ್ಕಿಬಿದ್ದದ್ದು ಎಲ್ಲಿ ಗೊತ್ತೇ? ವೀಕ್ಷಣಾಲಯದ ಮೈಕ್ರೋವೇವ್ ಒಲೆಯಲ್ಲಿ! ಊಟ ಬಿಸಿಯಾಗುವವರೆಗೆ ಕಾಯುವ ತಾಳ್ಮೆ ಇಲ್ಲದೆ ಯಾರಾದರೂ ನಡುವೆಯೇ ಬಾಗಿಲು ತೆರೆದಾಗ ಹೊರಬೀಳುತ್ತಿದ್ದ ಅಲೆಯೇ ಆ ನಿಗೂಢ ಮಿಡಿತ. ನಗು ಬರುವುದು ಸಹಜ. ಆದರೆ ಈ ಶೋಧ ಬಾಹ್ಯಾಕಾಶದಿಂದ ನಿಜವಾಗಿಯೂ ಬರುವ ಮಿಡಿತಗಳನ್ನು ಅಡುಗೆಮನೆಯ ಮಿಡಿತಗಳಿಂದ ಬೇರ್ಪಡಿಸಿಕೊಟ್ಟಿತು ಎಂಬುದನ್ನು ಮರೆಯಬಾರದು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ರಸಾಯನಶಾಸ್ತ್ರಜ್ಞರು ತಮ್ಮದೇ ರೀತಿಯಲ್ಲಿ ನಿಜ ಮಾಡಿದ್ದಾರೆ. ಅಮೆರಿಕದ ಬಾಲ್ಟಿಮೋರಿನಲ್ಲಿ ಕಲ್ಲಿದ್ದಲು ಟಾರಿನ ಪದಾರ್ಥಗಳ ಮೇಲೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಒಂದು ಸಂಜೆ ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕುಳಿತರು. ತಿಂದ ಬ್ರೆಡ್ಡು ವಿಪರೀತ ಸಿಹಿ. 1879ರಲ್ಲಿ ಪ್ರಕಟವಾದ ಸ್ಯಾಕರಿನ್ ಬಂದದ್ದು ಹೀಗೆ. 1976ರಲ್ಲಿ ಲಂಡನ್ನಿನಲ್ಲಿ ಶಶಿಕಾಂತ್ ಫಡ್ನೀಸ್ ಎಂಬ ಭಾರತೀಯ ತರುಣ ಸಂಶೋಧಕರು ಸಕ್ಕರೆಗೆ ಕ್ಲೋರೀನ್ ಸೇರಿಸಿದ ಸಂಯುಕ್ತಗಳ ಮೇಲೆ ಕೆಲಸ ಮಾಡುತ್ತಿದ್ದರು. ಅದನ್ನು ‘ಟೆಸ್ಟ್’ ಮಾಡು ಎಂದು ಹೇಳಿದ್ದು ಅವರ ಕಿವಿಗೆ ‘ಟೇಸ್ಟ್’ ಮಾಡು ಎಂದು ಬಿತ್ತು ಎನ್ನುತ್ತಾರೆ. ನಾಲಿಗೆಗೆ ಹಚ್ಚಿ ನೋಡಿಯೇ ಬಿಟ್ಟರು! ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್ ಬೆಳಕಿಗೆ ಬಂತು. ವಿದ್ಯಾರ್ಥಿಗಳು ಇದನ್ನು ಓದಿ ನಕ್ಕು ಅಲ್ಲಿಗೇ ಬಿಡಬೇಕು. ಪ್ರಯೋಗಶಾಲೆಯಲ್ಲಿ ಯಾವುದನ್ನೂ ಬಾಯಿಗಿಡಬಾರದು. ಇವರಿಬ್ಬರ ನಾಲಿಗೆಗೆ ಸಿಹಿ ಸಿಕ್ಕಿದ್ದು ಅದೃಷ್ಟ. ಅಲ್ಲಿನ ಎಷ್ಟೋ ಬಾಟಲಿಗಳಲ್ಲಿ ಇರುವುದು ವಿಷ.

ತಂದೆ ತಾಯಿಗಳು ವಿಶೇಷವಾಗಿ ಕೇಳಬೇಕಾದದ್ದು ವಿಲಿಯಂ ಹೆನ್ರಿ ಪರ್ಕಿನ್ ಕಥೆ. 1856ರ ಈಸ್ಟರ್ ರಜೆ. ಲಂಡನ್ನಿನ ತಮ್ಮ ಮನೆಯಲ್ಲೇ ಮಾಡಿಕೊಂಡಿದ್ದ ಪುಟ್ಟ ಪ್ರಯೋಗಶಾಲೆಯಲ್ಲಿ 18ರ ಹುಡುಗ ಪರ್ಕಿನ್, ಮಲೇರಿಯಕ್ಕೆ ಔಷಧಿಯಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೊರಟಿದ್ದರು. ಸಿಕ್ಕಿದ್ದು ಕಪ್ಪು ರಾಡಿ. ಫ್ಲಾಸ್ಕು ತೊಳೆಯಲು ಆಲ್ಕೋಹಾಲ್ ಹಾಕಿದಾಗ ಅದು ಚಂದದ ನೇರಳೆಯಾಯಿತು. ಚೆಲ್ಲುವ ಬದಲು ಹುಡುಗ ಅದರಲ್ಲಿ ರೇಷ್ಮೆಯ ತುಂಡು ಅದ್ದಿ ನೋಡಿದ. ಬಣ್ಣ ನಿಂತಿತು. ಕೃತಕ ಬಣ್ಣಗಳ ಉದ್ಯಮ ಆರಂಭವಾದದ್ದೇ ಅಲ್ಲಿಂದ. ಪರ್ಕಿನ್ನರ ತಂದೆ ಮನೆ ಕಟ್ಟಿಸುವ ಕಸುಬಿನವರು. ಮಗ ವಾಸ್ತುಶಿಲ್ಪಿಯಾಗಲಿ ಎಂಬ ಆಸೆ ಇಟ್ಟುಕೊಂಡಿದ್ದವರು. ಮಗನ ಗುರುವಿಗೇ ಈ ಬಣ್ಣದ ವ್ಯವಹಾರ ಒಪ್ಪಿಗೆಯಾಗದಿದ್ದಾಗ, ತಂದೆ ತಮ್ಮ ಉಳಿತಾಯದ ಹಣ ಹಾಕಿ ಕಾರ್ಖಾನೆಗೆ ನೆರವಾದರು. ಕಪ್ಪು ರಾಡಿಯನ್ನು ತಂದು ತೋರಿಸಿದ ಮಗನ ಮಾತನ್ನು ನಂಬಿದ ಆ ತಂದೆ ದೊಡ್ಡವರು.

ಇಷ್ಟೂ ಪ್ರಸಂಗಗಳಲ್ಲಿ ಆಕಸ್ಮಿಕದ ಪಾಲಿದೆ. ಆದರೆ ಆಕಸ್ಮಿಕ ಎಲ್ಲರ ಮನೆಗೂ ಬರುತ್ತದೆ. ಬಂದದ್ದನ್ನು ಬರೆದಿಟ್ಟುಕೊಂಡು ಮತ್ತೆ ನೋಡಿದವರಿಗೆ ಮಾತ್ರ ಅದು ದಕ್ಕುತ್ತದೆ. ಜಾಸೆಲಿನ್ ಬೆಲ್ ಅವರ ವೃತ್ತಾಂತ ಇದಕ್ಕೆ ಸಾಕ್ಷಿ.

ಉತ್ತರ ಐರ್ಲೆಂಡಿನಲ್ಲಿ 1943ರಲ್ಲಿ ಹುಟ್ಟಿದ ಬೆಲ್, ಹನ್ನೊಂದರ ವಯಸ್ಸಿನಲ್ಲಿ ಬರೆಯಬೇಕಿದ್ದ ಮುಖ್ಯ ಪರೀಕ್ಷೆಯಲ್ಲಿ ಫೇಲಾದ ಹುಡುಗಿ. ಶಾಲೆಯಲ್ಲಿ ಗಂಡುಮಕ್ಕಳನ್ನು ವಿಜ್ಞಾನದ ಕೋಣೆಗೂ ಹೆಣ್ಣುಮಕ್ಕಳನ್ನು ಅಡುಗೆ, ಹೊಲಿಗೆಗೂ ಕಳಿಸಿದಾಗ ತಂದೆ ತಾಯಿ ಹೋಗಿ ಜಗಳವಾಡಿ ಮಗಳನ್ನು ವಿಜ್ಞಾನಕ್ಕೆ ಸೇರಿಸಿದರು. ಮುಂದೆ ಕೇಂಬ್ರಿಜ್‌ಗೆ ಬಂದಾಗಲೂ, ಇಷ್ಟು ಬುದ್ಧಿವಂತರ ನಡುವೆ ತನ್ನನ್ನು ತಪ್ಪಿ ಸೇರಿಸಿಕೊಂಡಿದ್ದಾರೆ, ಗೊತ್ತಾದೊಡನೆ ಹೊರಗೆ ಹಾಕುತ್ತಾರೆ ಎಂಬ ಭಯ ಅವರಿಗೆ. ಹೊರಗೆ ಹಾಕುವವರೆಗೆ ಚೆನ್ನಾಗಿ ದುಡಿಯೋಣ ಎಂದು ನಿರ್ಧರಿಸಿದರು. ಮೊದಲ ಎರಡು ವರ್ಷ ಅವರ ಸಂಶೋಧನೆ ಎಂದರೆ ನಾಲ್ಕೂವರೆ ಎಕರೆ ಬಯಲಿನಲ್ಲಿ ಸುತ್ತಿಗೆ ಬೀಸಿ ಕಂಬ ನೆಡುವುದು, ತಂತಿ ಎಳೆಯುವುದು. ದೂರದರ್ಶಕ ಸಿದ್ಧವಾದ ಮೇಲೆ ದಿನಕ್ಕೆ ಸುಮಾರು 30 ಮೀಟರ್ ಕಾಗದದ ಮೇಲೆ ಪೆನ್ನು ಗೀಚಿದ್ದನ್ನು ಕಣ್ಣಿನಿಂದಲೇ ಪರಿಶೀಲಿಸುವುದು.

1967ರ ಆಗಸ್ಟ್‌ನಲ್ಲಿ ಆ ಕಾಗದದಲ್ಲಿ ಬೆರಳ ತುದಿಯಷ್ಟು ಜಾಗದಲ್ಲಿ ಒಂದು ಗೀಚು. ನಕ್ಷತ್ರದಂತೆಯೂ ಇಲ್ಲ, ಭೂಮಿಯ ಗದ್ದಲದಂತೆಯೂ ಇಲ್ಲ. ಬೇರೆಯವರಾದರೆ ಪೆನ್ನು ಕೆಟ್ಟಿದೆ ಎಂದು ಮುಂದೆ ಹೋಗುತ್ತಿದ್ದರೇನೋ. ತಂತಿ ಜೋಡಿಸುವುದರಲ್ಲಿ ತಾನೇ ತಪ್ಪಿದ್ದೇನೋ ಎಂಬ ಅಳುಕು ಬೆಲ್ ಅವರಿಗೆ. ಆದರೂ ಗುರುತು ಹಾಕಿಟ್ಟರು. ಅದನ್ನು ವಿವರವಾಗಿ ನೋಡಲು ವೇಗವಾಗಿ ಓಡುವ ಕಾಗದ ಬೇಕು. ದಿನವೂ ಅದೇ ಹೊತ್ತಿಗೆ ಹೋಗಿ ಕಾದರು. ವಾರಗಟ್ಟಲೆ ಏನೂ ಇಲ್ಲ. ಒಂದು ದಿನ ಉಪನ್ಯಾಸ ಕೇಳಲೆಂದು ಹೋಗಲಿಲ್ಲ. ಅಂದೇ ಅದು ಬಂದು ಹೋಗಿತ್ತು! ಬಸ್ಸಿಗೆ ಒಂದು ಗಂಟೆ ಕಾದು, ನೀರು ಕುಡಿಯಲು ಹೋದಾಗ ಬಸ್ಸು ಬಂದು ಹೋದವರಿಗೆ ಈ ಸಂಕಟ ಅರ್ಥವಾದೀತು.

ನವೆಂಬರ್ ಕೊನೆಗೆ ಕಾಗದ ನಿಜ ಹೇಳಿತು. ಸುಮಾರು 1.33 ಸೆಕೆಂಡಿಗೊಮ್ಮೆ ಗಡಿಯಾರದಂತೆ ಒಂದು ಮಿಡಿತ. ಅನ್ಯಗ್ರಹದ ‘ಪುಟ್ಟ ಹಸಿರು ಮನುಷ್ಯರು’ ಸಂದೇಶ ಕಳಿಸುತ್ತಿದ್ದಾರೆಯೇ ಎಂದು ಅರೆ ತಮಾಷೆ, ಅರೆ ಆತಂಕ. ಡಿಸೆಂಬರ್ ಕೊನೆಯ ಕೊರೆವ ಚಳಿಯ ರಾತ್ರಿ ಆಕಾಶದ ಇನ್ನೊಂದು ಮೂಲೆಯನ್ನು ನೋಡಲು ಹೋದರೆ ಯಂತ್ರವೇ ಮರಗಟ್ಟಿತ್ತು. ಬೆಲ್ ಅದರ ಮೇಲೆ ಬಿಸಿಯುಸಿರು ಊದಿದರು, ಬೈದರು. ಅದು ಐದು ನಿಮಿಷ ಮಾತ್ರ ಸರಿಯಾಗಿ ನಡೆಯಿತು. ಬೇಕಾಗಿದ್ದೂ ಆ ಐದು ನಿಮಿಷವೇ. ಎರಡನೆಯ ಮೂಲವೂ ಸಿಕ್ಕಿತು. ಎರಡು ಕಡೆಯಿಂದ ಹಸಿರು ಮನುಷ್ಯರು ಒಂದೇ ಬಗೆಯಲ್ಲಿ ಕೂಗಲಾರರಲ್ಲವೇ? ಅವು ಪಲ್ಸಾರ್‌ಗಳು, ಅಂದರೆ ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರಗಳು ಎಂದು ಮುಂದೆ ತಿಳಿಯಿತು. 1974ರ ನೊಬೆಲ್ ಬಹುಮಾನ ಅವರ ಮಾರ್ಗದರ್ಶಕ ಆಂಟನಿ ಹ್ಯೂಯಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು, ಬೆಲ್ ಅವರಿಗಲ್ಲ. 2018ರಲ್ಲಿ 30 ಲಕ್ಷ ಡಾಲರಿನ ಬೇರೊಂದು ಬಹುಮಾನ ಬಂದಾಗ, ಅವಕಾಶ ಕಡಿಮೆ ಇರುವ ವರ್ಗಗಳ ವಿದ್ಯಾರ್ಥಿಗಳ ಸಂಶೋಧನೆಗೆಂದು ಆ ಹಣವನ್ನೆಲ್ಲ ಕೊಟ್ಟುಬಿಟ್ಟರು.

ಈಗ ಶಾಲಾ ಕಾಲೇಜುಗಳ ಪ್ರಾಕ್ಟಿಕಲ್ ರೆಕಾರ್ಡುಗಳನ್ನು ತೆರೆದು ನೋಡಿ. ಸರಳ ಲೋಲಕದ ಪ್ರಯೋಗ. ದಾರ ಹಿಗ್ಗಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ಆಂದೋಲನ ಎಣಿಸುವಾಗ ಪಕ್ಕದವನು ಮಾತನಾಡಿಸಿರುತ್ತಾನೆ. ಆದರೂ ಗುರುತ್ವ ವೇಗೋತ್ಕರ್ಷದ ಬೆಲೆ ಎಲ್ಲರದೂ 980! ಉತ್ತರವನ್ನು ಮೊದಲು ಬರೆದುಕೊಂಡು ರೀಡಿಂಗುಗಳನ್ನು ಹಿಂದಿನಿಂದ ಹೊಲಿದುಕೊಂಡು ಬರುವ ಈ ಕಲೆಯನ್ನು ಹಿರಿಯರು ಕಿರಿಯರಿಗೆ ಧಾರೆ ಎರೆಯುತ್ತ ಬಂದಿದ್ದಾರೆ. ಸ್ವಾರಸ್ಯವೇನೆಂದರೆ ಬೆಂಗಳೂರಿನ ನೆಲದಲ್ಲಿ ಆ ಬೆಲೆ ಸುಮಾರು 978. ಧ್ರುವಗಳಲ್ಲಿ 983ರಷ್ಟಿದ್ದು, ಸಮಭಾಜಕದ ಕಡೆಗೆ ಬಂದಂತೆ ಅದು ಇಳಿಯುತ್ತದೆ. ಶಾಲೆಯ ಲೋಲಕಕ್ಕೆ ಇಷ್ಟು ಸಣ್ಣ ವ್ಯತ್ಯಾಸ ಸುಲಭವಾಗಿ ಸಿಗದು, ಒಪ್ಪೋಣ. ಆದರೆ ನಕಲು ಮಾಡಿದ ಉತ್ತರ ತಮ್ಮೂರಿನದೇ ಅಲ್ಲ ಎಂಬುದನ್ನು ಮಕ್ಕಳು ತಿಳಿದಿರಲಿ.

ರೆಕಾರ್ಡಿನಲ್ಲಿ 952 ಎಂದು ಬರೆದು, ಕೆಳಗೆ “ದಾರ ಜಾರಿತು, ಎರಡು ಆಂದೋಲನ ಲೆಕ್ಕ ತಪ್ಪಿರಬಹುದು” ಎಂದು ಸೇರಿಸಿದ ಹುಡುಗನಿಗೆ ಒಂದೆರಡು ಅಂಕ ಹೋಗಬಹುದು. ಬೆಲ್ ಗುರುತು ಹಾಕಿಟ್ಟ ಆ ಗೀಚೂ ಇಂಥದೇ ಒಂದು ಸಾಲು. ಆದ್ದರಿಂದ ಮಗಳು ಸಂಜೆ ಮನೆಗೆ ಬಂದು “ಇವತ್ತು ಪ್ರಯೋಗ ಸರಿ ಬರಲಿಲ್ಲ” ಎಂದರೆ, ಎಷ್ಟು ಅಂಕ ಕಳೆದರು ಎಂದು ಕೇಳುವ ಮೊದಲು, “ಸರಿ ಬರಲಿಲ್ಲ ಅಂದ್ರೆ ಏನಾಯ್ತು? ಕಂಡದ್ದನ್ನ ಹಾಗೇ ಬರೆದಿದ್ದೀಯಾ?” ಎಂದು ಕೇಳಿ. ಬರೆದಿದ್ದರೆ ಒಂದು ಲೋಟ ಕಾಫಿ ಮಾಡಿಕೊಡಿ. ಲೋಟವನ್ನು ಮಾತ್ರ ಅವಳೇ ತೊಳೆಯಲಿ. ಮುಂದೆ ಉಪಯೋಗಕ್ಕೆ ಬರುತ್ತದೆ.